ಪಿಪಿಟ್ ಪಂಚಾಯ್ತಿ

ಚಳಿ ಶುರುವಾಯಿತೆಂದರೆ ಬೆಂಗಳೂರಿನ ಹಕ್ಕಿಪ್ರಿಯರ ವಾಟ್ಸಾಪ್ ಗುಂಪುಗಳಲ್ಲಿ ಪಂಚಾಯ್ತಿ ಕಟ್ಟೆ ತುಂಬಿತೆಂದೇ ಲೆಕ್ಕ. ಆರೋಪಿ ಗೇಣುದ್ದವೂ ಇಲ್ಲದ ಒಂದು ಕಂದು ಹಕ್ಕಿ. ಸಾಕ್ಷಿ, ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಕಾರಿನ ಕಿಟಕಿಯಿಂದಲೇ ಹೊಡೆದ ಫೋಟೊ, ಒಂದೇ ಒಂದು. ಅಡಿಯಲ್ಲಿ ಎರಡೇ ಪದದ ಅರ್ಜಿ: ‘ಐಡಿ ಪ್ಲೀಸ್’.

ಹಕ್ಕಿ ಪಿಪಿಟ್ ಎನ್ನುವವರೆಗೆ ಜಗಳವಿಲ್ಲ. ಯಾವ ಪಿಪಿಟ್ ಎನ್ನುವಲ್ಲಿ ಸ್ನೇಹಗಳು ಮುರಿಯುತ್ತವೆ. ಗದ್ದೆ ಪಿಪಿಟ್ ವರ್ಷವಿಡೀ ಇಲ್ಲೇ ಸಂಸಾರ ಮಾಡಿಕೊಂಡಿರುವುದು. ರಿಚರ್ಡ್ಸ್ ಮತ್ತು ಬ್ಲೈತ್ಸ್ ಪಿಪಿಟ್‌ಗಳು ಸೈಬೀರಿಯಾ, ಮಂಗೋಲಿಯಾ ಕಡೆಯಿಂದ ಚಳಿಗಾಲಕ್ಕೆ ಬರುವ ನೆಂಟರು. ಟಾನಿ ಪಿಪಿಟ್ ಎಂಬ ಇನ್ನೊಬ್ಬ ನೆಂಟನೂ ಉಂಟು. ನಾಲ್ಕಕ್ಕೂ ಒಣಹುಲ್ಲಿನದೇ ಬಣ್ಣ. ಗದ್ದೆ ಪಿಪಿಟ್, ರಿಚರ್ಡ್ಸ್ ಪಿಪಿಟ್ ಎರಡನ್ನೂ ಪಕ್ಷಿಶಾಸ್ತ್ರದ ಪಂಡಿತರೇ ಬಹುಕಾಲ ಒಂದೇ ಪ್ರಭೇದದ ಖಾತೆಗೆ ಬರೆದುಕೊಂಡಿದ್ದರು. ನಮ್ಮ ಗುಂಪಿನ ಹಿರಿಯರಿಗೆ ಅಷ್ಟು ಪುರುಸೊತ್ತಿಲ್ಲ. ಕಾಫಿ ಆರುವುದರೊಳಗೆ ತೀರ್ಪು ಬರುತ್ತದೆ, ಕೆಳಗೆ ಮೂವತ್ತು ಹೆಬ್ಬೆರಳುಗಳ ಅನುಮೋದನೆಯೂ ಬೀಳುತ್ತದೆ.

ತೀರ್ಪಿಗೆ ಆಧಾರಗಳಿಲ್ಲವೆಂದಲ್ಲ. ಕೊಕ್ಕಿನ ಬುಡಕ್ಕೂ ಕಣ್ಣಿಗೂ ನಡುವಿನ ಪಟ್ಟಿ ಕಪ್ಪೋ ಪೇಲವವೋ ನೋಡಬೇಕು. ಹಿಂಬೆರಳಿನ ಉಗುರು ನೋಡಬೇಕು. ರಿಚರ್ಡ್ಸ್‌ದು ಉದ್ದ, ಬ್ಲೈತ್ಸ್‌ದು ಗಿಡ್ಡ. ರೆಕ್ಕೆಯ ನಡುಸಾಲಿನ ಗರಿಗಳ ಕಪ್ಪು ಚೌಕವಾಗಿದ್ದರೆ ಬ್ಲೈತ್ಸ್, ಮೊನಚಾಗಿದ್ದರೆ ರಿಚರ್ಡ್ಸ್. ಎಳೆಯ ಹಕ್ಕಿಯಾದರೆ ಆ ಗುರುತನ್ನು ನಂಬುವಂತಿಲ್ಲ. ಸ್ವೀಡನ್ನಿನ ಪೆರ್ ಆಲ್‌ಸ್ಟ್ರೋಮ್ ಮತ್ತು ಕ್ರಿಸ್ಟರ್ ಮಿಲ್ಡ್ 2003ರಲ್ಲಿ ಪಿಪಿಟ್ ಮತ್ತು ಸಿಪಿಲೆಗಳಿಗೆಂದೇ ದಪ್ಪನೆಯ ಗ್ರಂಥವೊಂದನ್ನು ಬರೆದಿದ್ದಾರೆ. ಎಲ್ಲ ಸರಿ. ಆದರೆ ಹುಲ್ಲುಗಾವಲಿನ ಹಕ್ಕಿ ನಿಲ್ಲುವುದು ಹುಲ್ಲಿನಲ್ಲಿ. ಉಗುರು ಕಾಣುವುದಿಲ್ಲ. ಕಾಣದ ಉಗುರನ್ನು ಅಳೆಯುವುದರಲ್ಲಿಯೇ ನಮ್ಮವರ ಪಾಂಡಿತ್ಯ.

ಇನ್ನು ಬಣ್ಣದ ಮಾತು. ಬೆಳಗಿನ ಎಳೆಬಿಸಿಲಿನಲ್ಲಿ ತೆಗೆದ ಪಿಪಿಟ್‌ಗಳೆಲ್ಲ ಮರಳುಬಣ್ಣಕ್ಕೆ ತಿರುಗಿ ಟಾನಿ ಆಗುತ್ತವೆ. ವೈಟ್ ಬ್ಯಾಲೆನ್ಸ್ ಸರಿಪಡಿಸಿದರೆ ಪ್ರಭೇದ ಬದಲಾಗುತ್ತದೆ. ಆಮೇಲೆ ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರ್ ಬಂದು ಕಾಳುಕಾಳಾದ ಚಿತ್ರವನ್ನು ನುಣುಪು ಮಾಡುತ್ತದೆ. ಹಾಗೆ ಮಾಡುವಾಗ ಎದೆಯ ಗೆರೆಗಳನ್ನು ಅಳಿಸುವುದೂ ಉಂಟು, ಇಲ್ಲದ ಗರಿಯನ್ನು ಹೊಲಿದು ಕೊಡುವುದೂ ಉಂಟು. ಪಂಚರು ಆ ಹೊಲಿದ ಗರಿಯ ಅಂಚನ್ನು ಹಿಗ್ಗಿಸಿ, ಕೆಂಪು ಬಾಣ ಹಾಕಿ ಚರ್ಚಿಸುತ್ತಾರೆ.

ಇಷ್ಟಕ್ಕೂ ಹಕ್ಕಿ ತನ್ನ ಹೆಸರನ್ನು ಗುಟ್ಟಾಗಿ ಇಟ್ಟುಕೊಂಡಿಲ್ಲ. ರಿಚರ್ಡ್ಸ್ ಮೇಲೇಳುವಾಗ ‘ಶ್ರೀಪ್’ ಎಂದು ಗಟ್ಟಿಯಾಗಿ ಕಿರುಚುತ್ತದೆ. ಗದ್ದೆ ಪಿಪಿಟ್‌ದು ‘ಚಿಪ್ ಚಿಪ್’ ಎಂಬ ಮೆಲುದನಿ. ಜೆರ್ಡನ್ ಬುಷ್‌ಲಾರ್ಕನ್ನು ಅದನ್ನೇ ಹೋಲುವ ಉಳಿದ ನೆಲಗುಬ್ಬಿಗಳಿಂದ ಬೇರ್ಪಡಿಸುವಾಗ, 1998ರಲ್ಲಿ, ಅದೇ ಆಲ್‌ಸ್ಟ್ರೋಮ್ ಹಾಡಿಗೂ ಹಾಡುತ್ತ ಹಾರುವ ಬಗೆಗೂ ಕಿವಿ, ಕಣ್ಣು ಕೊಟ್ಟಿದ್ದರು. ನಮ್ಮ ಲಕ್ಷಾಂತರ ರೂಪಾಯಿಯ ಲೆನ್ಸಿಗೆ ಕಿವಿಯಿಲ್ಲ. ‘ಕೂಗಿತೇ ಸಾರ್?’ ಎಂದು ಯಾರಾದರೂ ಕೇಳಿದರೆ ಛಾಯಾಗ್ರಾಹಕರಿಗೆ ಅವಮಾನವಾದಂತಾಗುತ್ತದೆ. ಕೂಗಿರಬಹುದು, ಶಟರಿನ ಪಟಪಟದಲ್ಲಿ ಯಾರಿಗೆ ಕೇಳಿಸಬೇಕು?

ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎಂದು ಬರೆಯಲು, ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಅವಕಾಶವಿದೆ. ‘ರಿಚರ್ಡ್ಸ್ ಅಥವಾ ಬ್ಲೈತ್ಸ್’ ಎನ್ನಬಹುದು, ಬರೀ ‘ಪಿಪಿಟ್’ ಎಂದೂ ನಮೂದಿಸಬಹುದು. ತೊಂದರೆಯೇನೆಂದರೆ, ಹಾಗೆ ಬರೆದದ್ದು ಜೀವಮಾನದ ಪಟ್ಟಿಯ ಲೆಕ್ಕಕ್ಕೆ ಸೇರುವುದಿಲ್ಲ. ಪ್ರಾಮಾಣಿಕತೆಗೆ ಅಂಕವಿಲ್ಲದ ಪರೀಕ್ಷೆ. ಅದಕ್ಕೇ ಡಿಸೆಂಬರಿನಲ್ಲಿ ಬ್ಲೈತ್ಸ್ ಸಂಖ್ಯೆ ಇದ್ದಕ್ಕಿದ್ದಂತೆ ಏರುತ್ತದೆಂದು ನನ್ನ ಗುಮಾನಿ.

ಬರೀ ಹಕ್ಕಿಪ್ರಿಯರನ್ನು ಬೈದರೆ ಅನ್ಯಾಯವಾದೀತು. ಫೋಟೊ ನೋಡಿಯೇ ಗುರುತಿಸುವ ಕಲೆಯಲ್ಲಿ ಸರ್ಕಾರ ಇವರಿಗೆಲ್ಲ ಗುರು. ಕೇಂದ್ರದವರು ಉಪಗ್ರಹ ಚಿತ್ರಗಳನ್ನು ನೋಡಿ 2000ನೇ ಇಸವಿಯಿಂದ ಬಂಜರು ಭೂಮಿಯ ಅಟ್ಲಾಸ್ ಹೊರತರುತ್ತಿದ್ದಾರೆ. ಬರಡು ನೆಲ, ಬೇಸಿಗೆಯ ಹುಲ್ಲುಗಾವಲು ಎರಡೂ ಮೇಲಿನಿಂದ ಕಂದು. ಗುಂಪಿನಲ್ಲಾದರೆ ಎರಡು ಬಾಣ ಹಾಕಿ ಜಗಳವಾಡುತ್ತಿದ್ದರು. ಅಟ್ಲಾಸಿನಲ್ಲಿ ಜಗಳವೇ ಇಲ್ಲ, ದಟ್ಟ ಕುರುಚಲು ಇರುವ ನೆಲವೂ ಬಂಜರಿನ ಪಟ್ಟಿಗೇ. ಬಂಜರು ಎಂದ ಮೇಲೆ ಸುಮ್ಮನೆ ಬಿಡಲಾದೀತೇ? ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆಂದು ಅಭಯಾರಣ್ಯವಾಯಿತು. ಬಯಲಲ್ಲಿ ಓಡಿಯೇ ಬದುಕುವ ಆ ಪ್ರಾಣಿಗೆ ಅಲ್ಲಿ ಸಿಕ್ಕಿದ್ದು ಬಹುಪಾಲು ನೀಲಗಿರಿ ತೋಪು. ಚಳ್ಳಕೆರೆಯ ಅಮೃತಮಹಲ್ ಕಾವಲು ಎಂಬ ಹುಲ್ಲುಗಾವಲುಗಳಲ್ಲಿ ಸಾವಿರಾರು ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳ ಬೇಲಿಯೊಳಗೆ ಹೋಯಿತು. ಹೆಸರಘಟ್ಟದಲ್ಲಂತೂ ಫಿಲ್ಮ್ ಸಿಟಿ ಕಟ್ಟುವ ಯೋಚನೆಯಿತ್ತು. ಖಾಲಿ ಜಾಗ ಬಿದ್ದಿದೆಯಲ್ಲ ಎಂದು.

ಜುಲೈನಲ್ಲಿ ವನಮಹೋತ್ಸವ. ಹುಲ್ಲು ಚಿಗುರುವ ಹೊತ್ತಿಗೇ ಸಾಲುಸಾಲಾಗಿ ಗುಂಡಿ ತೋಡುತ್ತಾರೆ, ಹುಲ್ಲಿನ ಬುಡದಲ್ಲೇ ಗೂಡು ಕಟ್ಟುವ ಹಕ್ಕಿಗಳ ನಡುವೆ. ಅಂಥದೊಂದು ಗುಂಡಿಯ ಮಣ್ಣಿನ ಗುಡ್ಡೆ ಮೇಲೆ, ಬಾಯಲ್ಲಿ ಹುಳು ಕಚ್ಚಿ ನಿಂತ ಪಿಪಿಟ್‌ನ ಫೋಟೊ ಗುಂಪಿಗೆ ಬರುತ್ತದೆ. ಈ ಸಲ ಉಗುರೂ ಕಾಣುತ್ತದೆ. ಜುಲೈನಲ್ಲಿ ಸೈಬೀರಿಯಾದ ನೆಂಟರು ಇಲ್ಲಿರುವುದಿಲ್ಲವಾದ್ದರಿಂದ ಅದು ಗದ್ದೆ ಪಿಪಿಟ್ ಎನ್ನಲು ಕ್ಯಾಲೆಂಡರೊಂದೇ ಸಾಕು. ಆದರೂ ರಿಚರ್ಡ್ಸ್ ಪರ ನಾಲ್ಕು ಮತ ಬೀಳುತ್ತವೆ, ಲೆನ್ಸಿನ ಶಾರ್ಪ್‌ನೆಸ್ಸಿಗೆ ಹತ್ತು ಚಪ್ಪಾಳೆ. ಗುಂಡಿಯನ್ನು ಗಮನಿಸಿದವರು ಒಬ್ಬರೇ.

‘ಫೋರ್‌ಗ್ರೌಂಡ್ ಸ್ವಲ್ಪ ಕ್ಲೀನ್ ಮಾಡಿ ಸಾರ್, ಮಣ್ಣು ಅಡ್ಡ ಬರ್ತಿದೆ.’