ಹಳೆ ಧಾರಾವಾಹಿ ಎಬ್ಬಿಸುವ ವಿಧಾನ: ನಿರ್ಮಾಪಕರ ಕೈಪಿಡಿ

ಎಂದೋ ಮುಗಿದುಹೋದ ಧಾರಾವಾಹಿಯೊಂದನ್ನು ಮತ್ತೆ ಎಬ್ಬಿಸಿ ಕೂರಿಸಲು ತಾವು ತೀರ್ಮಾನಿಸಿದ್ದೀರಿ. ಹೊಸ ಕಥೆ ಹುಡುಕುವ ತಾಪತ್ರಯ ತಮಗೆ ತಪ್ಪಿತು, ಅಭಿನಂದನೆ. ಕೆಲಸಕ್ಕೆ ಕೈಹಾಕುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಹಳೆಯ ಟೈಟಲ್ ಸಾಂಗಿನ ಹಕ್ಕು ಯಾರ ಬಳಿ ಇದೆ ಎಂದು ವಿಚಾರಿಸಿ, ಅದೊಂದನ್ನು ಮೊದಲು ಬರೆಸಿಕೊಳ್ಳಿ. ಉಳಿದದ್ದನ್ನು ಆಮೇಲೆ ನೋಡಿಕೊಂಡರಾಯಿತು.

ಸರಕು ಆರಿಸುವುದು

ಧಾರಾವಾಹಿಗೆ ಇಪ್ಪತ್ತರಿಂದ ಇಪ್ಪತ್ತೈದು ವರ್ಷ ಆಗಿರಬೇಕು. ಹತ್ತೇ ವರ್ಷದ್ದಾದರೆ ಅದರ ಕೊನೆಗಾಲದ ಎಳೆದಾಟ ಜನಕ್ಕೆ ಇನ್ನೂ ನೆನಪಿರುತ್ತದೆ. ನಲವತ್ತು ದಾಟಿದ್ದರೆ, ಅದನ್ನು ನೆನೆಸಿಕೊಳ್ಳುವವರಿಗೆ ಜಾಹೀರಾತಿನವರು ಮಾರಬಯಸುವುದು ಮಂಡಿನೋವಿನ ಎಣ್ಣೆ ಒಂದನ್ನೇ. ಇಪ್ಪತ್ತೈದಾದರೆ ಲೆಕ್ಕ ಸರಿಹೋಗುತ್ತದೆ. ಆಗ ಅಮ್ಮನ ಪಕ್ಕ ಕೂತು ಹೋಂವರ್ಕ್ ಮಾಡುತ್ತಾ ಓರೆಗಣ್ಣಿನಲ್ಲಿ ಟಿವಿ ನೋಡುತ್ತಿದ್ದ ಹುಡುಗಿ ಈಗ ಮನೆಸಾಲದ ಕಂತು ಕಟ್ಟುತ್ತಾಳೆ. ಒಟಿಟಿಗೆ ದುಡ್ಡು ಹಾಕುವುದೂ ಅವಳೇ, ಯಾವ ವಾಷಿಂಗ್ ಮಷಿನ್ ತರಬೇಕೆಂದು ತೀರ್ಮಾನಿಸುವುದೂ ಅವಳೇ.

ಮಾದರಿಗೆ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ ನೋಡಿ. ಸ್ಟಾರ್ ಪ್ಲಸ್‌ನಲ್ಲಿ 2000ದ ಜುಲೈ 3ರಂದು ಶುರುವಾದದ್ದು 2008ರ ನವೆಂಬರ್‌ವರೆಗೆ 1,800ಕ್ಕೂ ಹೆಚ್ಚು ಕಂತು ಓಡಿತು. 2025ರ ಜುಲೈ 29ರಂದು ಅದೇ ಚಾನೆಲ್ಲಿಗೆ ಅದೇ ನಾಯಕಿ ತುಳಸಿಯನ್ನು ಕರೆದುಕೊಂಡು ಮರಳಿ ಬಂತು. ನಡುವಿನ ವರ್ಷಗಳಲ್ಲಿ ತುಳಸಿಯ ಪಾತ್ರಧಾರಿ ಸ್ಮೃತಿ ಇರಾನಿ ಕೇಂದ್ರ ಸಚಿವೆಯಾಗಿ, 2024ರಲ್ಲಿ ಅಮೇಠಿಯಲ್ಲಿ ಸೋತೂ ಆಗಿತ್ತು. ಎರಡು ಸಾವಿರ ಕಂತು ತುಂಬಲು ನೂರೈವತ್ತು ಚಿಲ್ಲರೆ ಕಡಿಮೆ ಬಿದ್ದಿದೆ, ಅದನ್ನು ಭರ್ತಿ ಮಾಡೋಣ ಎನ್ನುವುದು ಮರಳಿ ಬರಲು ನಿರ್ಮಾಪಕಿ ಏಕ್ತಾ ಕಪೂರ್ ಹೇಳಿದ ಕಾರಣಗಳಲ್ಲೊಂದು. ಕಥೆ ಇಷ್ಟಿದೆ, ಆದ್ದರಿಂದ ಇಷ್ಟು ಕಂತು ಎಂದು ಗುಣಿಸುತ್ತಿದ್ದ ಕಾಲ ಹೋಯಿತು. ಮೊದಲು ಕಂತು ಎಣಿಸಿಟ್ಟುಕೊಳ್ಳಿ, ಕಥೆ ಬಂದು ಅದರೊಳಗೆ ಕೂರುತ್ತದೆ.

ಚಾನೆಲ್‌ನವರನ್ನು ಒಪ್ಪಿಸುವುದು

ಈ ಭಾಗವನ್ನು ಎರಡು ಸಲ ಓದಿ. ಧಾರಾವಾಹಿ ಮಾಡುವುದು ಜನ ನೋಡಲಿ ಎಂದು ಅನ್ನುವ ತಪ್ಪು ತಿಳಿವಳಿಕೆ ಇದ್ದರೆ ಇಲ್ಲೇ ಬಿಟ್ಟುಬಿಡಿ. ಜನ ನೋಡುವುದು ಆಮೇಲಿನ ಮಾತು. ತಮ್ಮ ಮೊದಲ ವೀಕ್ಷಕರು ಚಾನೆಲ್ ಕಚೇರಿಯ ಗಾಜಿನ ರೂಮಿನಲ್ಲಿ ಕೂತ ಐದಾರು ಮಂದಿ.

ಹೊಸ ಕಥೆ ಹಿಡಿದು ಅಲ್ಲಿಗೆ ಹೋದವನ ಪಾಡು ನೋಡಿ. ಲ್ಯಾಪ್‌ಟಾಪು ಗೋಡೆಯ ಸ್ಕ್ರೀನಿಗೆ ಕನೆಕ್ಟ್ ಆಗುವುದರೊಳಗೆ ಪೇಪರ್ ಕಪ್ಪಿನ ಕಾಫಿ ಆರಿರುತ್ತದೆ. ‘ನಾಯಕಿ ತಾಲ್ಲೂಕು ಕಚೇರಿಯಲ್ಲಿ ಸರ್ವೇಯರ್, ಊರಿನ ಕೆರೆ ಒತ್ತುವರಿ ಅಳೆಯಲಿಕ್ಕೆ ಬರ್ತಾಳೆ’ ಎಂದು ಅವನು ಶುರುಮಾಡುತ್ತಾನೆ. ನಾಲ್ಕನೇ ನಿಮಿಷಕ್ಕೆ ಒಬ್ಬರು ಫೋನು ನೋಡುತ್ತಾರೆ. ಆರನೇ ನಿಮಿಷಕ್ಕೆ ಇನ್ನೊಬ್ಬರು, ‘ಎಲ್ಲಾ ಚೆನ್ನಾಗಿದೆ ಸಾರ್, ಆದ್ರೆ ಇದು ಯಾವುದರ ಥರ?’ ಎಂದು ಕೇಳುತ್ತಾರೆ. ಯಾವುದರ ಥರವೂ ಅಲ್ಲ ಎಂಬ ಉತ್ತರ ಆ ರೂಮಿನಲ್ಲಿ ನಡೆಯುವುದಿಲ್ಲ. ‘ಹೇಳಿ ಕಳಿಸ್ತೀವಿ’ ಎನ್ನುತ್ತಾರೆ.

ತಾವು ಅದೇ ರೂಮಿಗೆ ಬರಿಗೈಲಿ ಹೋಗಿ ಹಳೆಯ ಹೆಸರೊಂದನ್ನು ಹೇಳಿ. ಮೇಜಿನ ತುದಿಯಲ್ಲಿ ಕೂತ ಹಿರಿಯರು, ‘ಅಯ್ಯೋ, ಇದನ್ನ ನಮ್ಮಜ್ಜಿ ಒಂದಿನಾನೂ ಬಿಡ್ತಿರಲಿಲ್ಲ ಕಣ್ರೀ!’ ಎಂದರೋ, ಅಗ್ರಿಮೆಂಟಿಗೆ ಸಹಿ ಬಿದ್ದ ಹಾಗೇ. ಅವರು ಅಜ್ಜಿಯ ನೆನಪಿಗೆ ಕರಗಿಬಿಟ್ಟರು ಎಂದುಕೊಳ್ಳಬೇಡಿ. ಅವರಿಗೆ ಲೆಕ್ಕ ಗೊತ್ತು. ಹೊಸ ಧಾರಾವಾಹಿ ಮಕಾಡೆ ಮಲಗಿದರೆ ‘ಇದನ್ನು ಒಪ್ಪಿಕೊಂಡದ್ದು ಯಾರು?’ ಎಂದು ಮುಂಬೈಯಿಂದ ಫೋನು ಬರುತ್ತದೆ. ಹಳೆಯದು ಮಲಗಿದರೆ ‘ಜನರ ಅಭಿರುಚಿ ಬದಲಾಗಿದೆ’ ಎಂದು ವರದಿ ಹೋಗುತ್ತದೆ. ಒಂದರಲ್ಲಿ ತಪ್ಪು ಒಬ್ಬನದು, ಇನ್ನೊಂದರಲ್ಲಿ ಇಡೀ ಜನತೆಯದು. ಈ ಉದ್ಯಮ ನಡೆಯುತ್ತಿರುವುದು ಹಳೆಯ ನೆನಪಿನ ಬಲದಿಂದ ಎಂದು ಪತ್ರಿಕೆಗಳು ಬರೆಯುತ್ತವೆ. ನಮ್ಮ ಅನುಭವದಲ್ಲಿ ಅದು ನಡೆಯುತ್ತಿರುವುದು ಬೈಸಿಕೊಳ್ಳುವ ಭಯದಿಂದ.

ಜೋಡಣೆ

ಟೈಟಲ್ ಸಾಂಗನ್ನು ಮುಟ್ಟಬೇಡಿ. ಹಿಂದೆ ಒಂದಿಷ್ಟು ಡ್ರಮ್ಮು, ಕೊನೆಗೆ ಒಂದು ವಯಲಿನ್, ಅಷ್ಟು ಸಾಕು. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ತೊಟ್ಟಿಮನೆಯ ಬಾಗಿಲು ತಂದು ಗೋಡೆಗೆ ಆನಿಸಿಟ್ಟಿರುತ್ತಾರಲ್ಲ, ಆ ಕೆಲಸವನ್ನು ಇದು ಮಾಡುತ್ತದೆ. ಬಾಗಿಲು ತೆರೆಯಬೇಕಾದ್ದಿಲ್ಲ, ಬಂದವರು ತಲೆದೂಗಿದರೆ ಆಯಿತು.

ನಟರ ವಿಷಯದಲ್ಲಿ ಸ್ವಲ್ಪ ಜಾಣತನ ಬೇಕು. ‘ಕ್ಯೂಂಕಿ’ಯಲ್ಲಿ ತುಳಸಿಯ ಗಂಡ ಮಿಹಿರನ ಪಾತ್ರ ಮೊದಲು ಮಾಡಿದ್ದು ಅಮರ್ ಉಪಾಧ್ಯಾಯ್. ಆ ಮಿಹಿರ ಸತ್ತಾಗ ದೇಶದ ಅತ್ತೆ ಸೊಸೆಯರು ಜಗಳ ನಿಲ್ಲಿಸಿ ಒಟ್ಟಿಗೆ ಅತ್ತರು, ಅದಕ್ಕೆ ಹೆದರಿ ಅವನನ್ನು ಬದುಕಿಸಿದ್ದೂ ಆಯಿತು. ಆಮೇಲೆ ಇಂದರ್ ಕುಮಾರ್ ಬಂದರು, ಅವರ ನಂತರ ವರ್ಷಗಟ್ಟಲೆ ಆ ಪಾತ್ರ ಹೊತ್ತವರು ರೋನಿತ್ ರಾಯ್. 2025ರಲ್ಲಿ ಮರಳಿ ಕರೆದದ್ದು ಮಾತ್ರ ಅಮರ್ ಉಪಾಧ್ಯಾಯರನ್ನೇ. ಹೆಚ್ಚು ದಿನ ಮನೆಯಲ್ಲಿದ್ದವನಿಗಿಂತ ಮೊದಲು ಬಂದವನೇ ನೆನಪಿನಲ್ಲಿ ಗಂಡ.

ಹೊಸಬರನ್ನು ಹಾಕಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ‘ಕಸೌಟಿ ಜಿಂದಗೀ ಕೀ’ ಇದೆ. 2001ರಿಂದ 2008ರವರೆಗೆ ಓಡಿದ್ದನ್ನು 2018ರಲ್ಲಿ ಮತ್ತೆ ಮಾಡಿದರು. ಊರ್ವಶಿ ಧೋಲಕಿಯಾ ಹಣೆಯ ಮೇಲಿನ ಸುರುಳಿ ಕೂದಲನ್ನು ಬೆರಳಿಗೆ ಸುತ್ತುತ್ತಾ ಬಂದರೆ ಮಕ್ಕಳು ಅಡುಗೆಮನೆಗೆ ಓಡುತ್ತಿದ್ದ ಕಾಲದ ಕೊಮೊಲಿಕಾ ಪಾತ್ರಕ್ಕೆ ಈ ಸಲ ಹೀನಾ ಖಾನ್ ಬಂದರು, ಅವರು ಹೋದ ಮೇಲೆ ಆಮ್ನಾ ಷರೀಫ್. ಎರಡು ವರ್ಷ ಕಳೆಯುವಷ್ಟರಲ್ಲಿ ಧಾರಾವಾಹಿಯೇ ಮುಗಿಯಿತು.

ಸತ್ತ ಪಾತ್ರಗಳ ಬಗ್ಗೆ ಸಂಕೋಚ ಬೇಡ. ಅಮೆರಿಕದ ‘ರೋಸನ್’ 1997ರಲ್ಲಿ ಮುಗಿಯುವಾಗ ನಾಯಕಿಯ ಗಂಡ ಸತ್ತುಹೋಗಿದ್ದಾನೆ ಎಂದು ತಿಳಿಸಿತ್ತು. 2018ರಲ್ಲಿ ಮರಳಿ ಬಂದಾಗ ಗಂಡ ಮೂಗಿಗೆ ಉಸಿರಾಟದ ಮಾಸ್ಕ್ ಹಾಕಿಕೊಂಡು ಹೆಂಡತಿಯ ಪಕ್ಕದಲ್ಲೇ ಮಲಗಿದ್ದ. ಅವಳು ಒಂದು ಜೋಕು ಹೊಡೆದಳು, ವಿಷಯ ಮುಗಿಯಿತು. ನಮ್ಮಲ್ಲಿ ಪ್ಲಾಸ್ಟಿಕ್ ಸರ್ಜರಿ, ಅವಳಿ ಜವಳಿ, ನೆನಪು ಹೋಗುವುದು ಇವೆಲ್ಲ ಇನ್ನೂ ಗೋಡೌನಿನಲ್ಲಿವೆ.

ಸ್ಟಾಕ್ ಇಲ್ಲದ ಬಿಡಿಭಾಗ

ಒಂದು ಬಿಡಿಭಾಗ ಮಾತ್ರ ಎಷ್ಟು ಹಣ ಕೊಟ್ಟರೂ ಸಿಗುವುದಿಲ್ಲ. ರಮಾನಂದ ಸಾಗರರ ‘ರಾಮಾಯಣ’ 1987ರ ಜನವರಿ 25ರಂದು ಶುರುವಾಗಿ 78 ಕಂತು ಬಂತು. ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಟಿವಿ ಇದ್ದ ಮನೆಯ ಬಾಗಿಲಲ್ಲಿ ಮೂವತ್ತು ಜೊತೆ ಚಪ್ಪಲಿ. ಮುಂದೆ ಚಾಪೆಯ ಮೇಲೆ ಮಕ್ಕಳು, ಹಿಂದೆ ಕುರ್ಚಿಯಲ್ಲಿ ಯಜಮಾನರು, ಕಿಟಕಿಯ ಸರಳು ಹಿಡಿದು ನಿಂತವರು ಬೇರೆ. ಕೆಲವು ಮನೆಗಳಲ್ಲಿ ಟಿವಿಗೇ ಹೂವಿನ ಹಾರ. ತಾರಸಿಯ ಮೇಲೆ ಒಬ್ಬ ಆಂಟೆನಾ ತಿರುಗಿಸುತ್ತಾ ‘ಬಂತಾ?’ ಎಂದು ಕೂಗುತ್ತಿದ್ದ, ಕೆಳಗಿನವರು ‘ಬಂತು, ಬಂತು, ಅಯ್ಯೋ ಹೋಯ್ತು!’ ಎನ್ನುತ್ತಿದ್ದರು. ಪಾಪ, ಅವನಿಗೆ ಸೀತಾಸ್ವಯಂವರ ಅರ್ಧವೇ ಸಿಕ್ಕಿತು. ಸರಿಹೋಯಿತು ಎನ್ನುವಷ್ಟರಲ್ಲಿ ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂಬ ಬೋರ್ಡು.

ಬಹುತೇಕ ಮನೆಗಳಲ್ಲಿ ಇದ್ದದ್ದು ಒಂದೇ ಚಾನೆಲ್ಲು. ತಪ್ಪಿಸಿಕೊಂಡರೆ ಮತ್ತೆ ಸಿಗುತ್ತಿರಲಿಲ್ಲ, ಮುಂದಿನದಕ್ಕೆ ವಾರ ಕಾಯಬೇಕಿತ್ತು. ಜನ ನೆನೆಸಿಕೊಂಡು ಉಸಿರುಬಿಡುವುದು ಈ ಕಾಯುವಿಕೆಯನ್ನು ಮತ್ತು ಆ ಚಪ್ಪಲಿಗಳನ್ನು. ತಾವು ಕೊಂಡುಕೊಂಡಿರುವುದು ಬಾಣಗಳನ್ನು.

ಸಾಗರ್ ಕುಟುಂಬದವರೇ 2008ರಲ್ಲಿ ಎನ್‌ಡಿಟಿವಿ ಇಮ್ಯಾಜಿನ್‌ಗಾಗಿ ರಾಮಾಯಣವನ್ನು ಹೊಸದಾಗಿ ಮಾಡಿದರು. ಅದೇ ವರ್ಷ 9ಎಕ್ಸ್ ಚಾನೆಲ್ಲಿನಲ್ಲಿ ಏಕ್ತಾ ಕಪೂರರ ಮಹಾಭಾರತ ಬಂತು, ಕುರುಕ್ಷೇತ್ರ ಸರಿಯಾಗಿ ನಡೆಯುವ ಮೊದಲೇ, ಕೆಲವೇ ತಿಂಗಳಲ್ಲಿ ನಿಂತೂ ಹೋಯಿತು. ಆಮೇಲೆ ಕೊರೊನಾ ಲಾಕ್‌ಡೌನ್ ನಡುವೆ, 2020ರ ಮಾರ್ಚ್ 28ರಂದು, ದೂರದರ್ಶನದವರು ಹೊಸದೇನನ್ನೂ ಮಾಡದೆ ಸಾಗರರ ಹಳೆಯ ರಾಮಾಯಣವನ್ನೇ ಮತ್ತೆ ಹಾಕಿದರು. ಬಣ್ಣ ಮಾಸಿತ್ತು, ಬಾಣಗಳು ಆಕಾಶದಲ್ಲಿ ಮೊದಲಿನಷ್ಟೇ ನಿಧಾನವಾಗಿ ಹೋಗಿ ಡಿಕ್ಕಿ ಹೊಡೆದವು. ಏಪ್ರಿಲ್ 16ರ ಒಂದೇ ದಿನ 7.7 ಕೋಟಿ ಜನ ನೋಡಿದರು, ಇದು ವಿಶ್ವದಾಖಲೆ ಎಂದು ದೂರದರ್ಶನ ಹೇಳಿಕೊಂಡಿತು. ದಾಖಲೆಯ ಬಗ್ಗೆ ತಕರಾರು ಎದ್ದಿತು, ನೋಡಿದ್ದರ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ಕನ್ನಡದ ಚಾನೆಲ್ಲುಗಳೂ ಆಗ ಶೂಟಿಂಗ್ ನಿಂತು ಹಳೆಯದನ್ನು ಕೆದಕುತ್ತಿದ್ದವು. ಹಿಂದಿಯ 2013ರ ‘ಮಹಾಭಾರತ’ ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣಕ್ಕೆ ಬಂದದ್ದೂ ಆ ದಿನಗಳಲ್ಲೇ.

ಅಂದರೆ ಆ ಬಿಡಿಭಾಗ ಬೇಕಾದರೆ ಇಡೀ ದೇಶಕ್ಕೆ ಬೀಗ ಹಾಕಬೇಕು. ತಮ್ಮ ಬಜೆಟ್ಟಿನಲ್ಲಿ ಅದಕ್ಕೆ ಅವಕಾಶ ಇದ್ದಂತಿಲ್ಲ.

ಈ ಕೈಪಿಡಿ ಅನ್ವಯಿಸದ ಪ್ರಕರಣಗಳು

ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ 1998ರಲ್ಲಿ ದೂರದರ್ಶನಕ್ಕೆ ‘ಮಾಯಾಮೃಗ’ ಮಾಡಿದ್ದರು. 2022ರಲ್ಲಿ ಸಿರಿ ಕನ್ನಡದಲ್ಲಿ ‘ಮತ್ತೆ ಮಾಯಾಮೃಗ’ ಬಂದಾಗಲೂ ಹಿಂದೆ ನಿಂತವರು ಅವರೇ. ಪಾತ್ರಗಳಿಗೆ ವಯಸ್ಸಾಗಿತ್ತು, ಮಕ್ಕಳು ಬೆಳೆದಿದ್ದರು, ಕಥೆ ಅಲ್ಲಿಂದ ಮುಂದಕ್ಕೆ ಹೋಯಿತು. ತಮ್ಮ ಕಥೆಯನ್ನು ತಾವೇ ಮುಂದುವರಿಸುವುದು ನಮ್ಮ ನಿಯಮಗಳ ಉಲ್ಲಂಘನೆ. ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ 2018ರಲ್ಲಿ ಕಲರ್ಸ್ ಸೂಪರ್‌ಗೆ ಮರಳಿದಾಗಲೂ ಚಿದಾನಂದ್ ಮತ್ತು ಶಾಲಿನಿಯೇ ಗಂಡ ಹೆಂಡತಿ. ಹಾಸ್ಯಕ್ಕೆ ಇದು ಹೇಗೋ ನಡೆಯುತ್ತದೆ. ಹೆಂಡತಿಯ ಕೈಲಿ ಒದೆ ತಿನ್ನುವವನಿಗೆ ಕಾಲದ ಹಂಗು ಕಡಿಮೆ.

‘ಮಾಲ್ಗುಡಿ ಡೇಸ್’ ತಂಟೆಗೆ ಮಾತ್ರ ಹೋಗಬೇಡಿ. ಶಂಕರ್‌ನಾಗ್ ಆಗುಂಬೆಯ ಬೀದಿಯನ್ನೇ ಆರ್.ಕೆ. ನಾರಾಯಣರ ಊರು ಮಾಡಿ, ಗಿರೀಶ ಕಾರ್ನಾಡ, ಅನಂತನಾಗ್, ವೈಶಾಲಿ ಕಾಸರವಳ್ಳಿ ಇವರನ್ನೆಲ್ಲ ಹಿಂದಿಯಲ್ಲಿ ಮಾತಾಡಿಸಿದರು. ಆ ಹಿಂದಿಯನ್ನು ಕೇಳಿದರೆ ಮಲೆನಾಡಿನ ಜಗಲಿಯ ಮೇಲೆ ಕೂತು ಯಾರೋ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದ ಇನ್ನೂ ಹದಿನೈದು ಕಂತು ಬಂದವು. ಶ್ರದ್ಧೆಯ ಕೆಲಸವೇ. ಆದರೂ ಈಗ ‘ಮಾಲ್ಗುಡಿ’ ಎಂದರೆ ಎದುರಿಗಿದ್ದವರು ಹಳೆಯದರ ಬಾಲನಟ ಮಾಸ್ಟರ್ ಮಂಜುನಾಥ್ ಹೆಸರು ಎತ್ತುತ್ತಾರೆ, ಎಲ್. ವೈದ್ಯನಾಥನ್ ಅವರ ಸಂಗೀತವನ್ನು ಗುನುಗುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದರ ಯಶಸ್ವಿ ರೀಬೂಟ್ ಮಾಡಿದ್ದು ರೈಲ್ವೆ ಇಲಾಖೆ. ಧಾರಾವಾಹಿಯ ಚಿತ್ರೀಕರಣ ನಡೆದಿದ್ದ ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನು 2020ರಲ್ಲಿ ದುರಸ್ತಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿತು. ಸಂಭಾಷಣೆ ಇಲ್ಲ, ನಟರ ಡೇಟ್ಸ್ ತಾಪತ್ರಯ ಇಲ್ಲ, ಟಿಆರ್‌ಪಿ ಮೊದಲೇ ಇಲ್ಲ.

ತೊಂದರೆ ಕಾಣಿಸಿದರೆ

ಮೊದಲ ವಾರ ನಂಬರ್ ಚೆನ್ನಾಗಿಯೇ ಬರುತ್ತದೆ. ಎಲ್ಲರೂ ಒಮ್ಮೆ ಇಣುಕಿ, ತುಳಸಿ ದಪ್ಪಗಾದಳೋ ಇಲ್ಲವೋ ನೋಡಿ, ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಬರೆಯುತ್ತಾರೆ. ಮೂರನೆಯದೋ ನಾಲ್ಕನೆಯದೋ ಗುರುವಾರ ಟಿಆರ್‌ಪಿ ಇಳಿಯುತ್ತದೆ. ಗಾಬರಿ ಬೇಡ. ಒಂದು ಮದುವೆ ಇಟ್ಟುಕೊಂಡು ಮಹಾಸಂಚಿಕೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಸ್ಲಾಟು ರಾತ್ರಿ ಹತ್ತೂವರೆಗೆ ಹೋಗುತ್ತದೆ, ಆಮೇಲೆ ಆ್ಯಪಿಗೆ. ಆ್ಯಪಿಗೆ ಹೋದ ಧಾರಾವಾಹಿ ಸತ್ತಿತು ಎಂದು ಯಾರೂ ಹೇಳುವಂತಿಲ್ಲ.

ಗ್ಯಾರಂಟಿ ಪ್ರೊಮೊಗೆ ಮಾತ್ರ. ವೀಕ್ಷಕರು ಹೊಸದನ್ನು ಅರ್ಧಕ್ಕೆ ನಿಲ್ಲಿಸಿ ಯೂಟ್ಯೂಬಿನಲ್ಲಿ ಹಳೆಯದನ್ನೇ ಹಾಕಿಕೊಂಡು ಕೂತರೆ ಅದಕ್ಕೆ ಕಂಪನಿ ಹೊಣೆಯಲ್ಲ.

ಕೊನೆಯ ಎಚ್ಚರಿಕೆ ಸೆಟ್ಟಿಗೆ ಸಂಬಂಧಪಟ್ಟದ್ದು. ರೆಫರೆನ್ಸಿಗೆಂದು ಹಳೆಯ ಕಂತುಗಳ ಪೆನ್‌ಡ್ರೈವನ್ನು ಯಾರ ಕೈಗೂ ಕೊಡಬೇಡಿ. ಸಹಾಯಕ ನಿರ್ದೇಶಕರು ಊಟದ ಹೊತ್ತಿನಲ್ಲಿ ಒಂದು ಕಂತು ನೋಡೋಣ ಎಂದು ಶುರುಮಾಡಿ ಮೂರಕ್ಕೆ ಹೋಗಿರುತ್ತಾರೆ, ಲೈಟ್‌ಬಾಯ್‌ಗಳು ಹೆಗಲ ಮೇಲಿಂದ ಬಗ್ಗಿರುತ್ತಾರೆ, ಮಧ್ಯಾಹ್ನದ ಶಿಫ್ಟು ಕೆಡುತ್ತದೆ. ಹೊಸ ನಾಯಕಿಯಂತೂ ನೋಡಲೇಬಾರದು. ನೋಡಿದ ಮಾರನೇ ದಿನ ಮೇಕಪ್ ಅರ್ಧಕ್ಕೇ ಎದ್ದು ಬಂದು, ‘ಸಾರ್, ಅವರು ಅಲ್ಲಿ ಸುಮ್ನೆ ಕೂತು ಅಕ್ಕಿ ಆರಿಸ್ತಾರಲ್ಲ, ನಮ್ಮದರಲ್ಲಿ ಅಂಥ ಸೀನ್ ಯಾಕಿಲ್ಲ?’ ಎಂದು ಕೇಳುತ್ತಾಳೆ. ಬಜೆಟ್ ಎಂದು ಹೇಳಿ ಕಳಿಸಿಬಿಡಿ.