ಡ್ರಾಪ್‌ಡೌನ್ ಮೀಮಾಂಸೆ

ಆನ್‌ಲೈನ್ ಅರ್ಜಿಯ ಡ್ರಾಪ್‌ಡೌನ್ ಪಟ್ಟಿಯಲ್ಲಿ ದ್ವಿರುಕ್ತಿಯ ನಿವಾರಣೆ ಎಂಬ ವಿಷಯವನ್ನು ಅಂತರ್‌ಶಿಸ್ತೀಯ ನೆಲೆಯಲ್ಲಿಟ್ಟು, ಸಂಕಥನದ ಚೌಕಟ್ಟಿನೊಳಗೆ, ಬಹುಮುಖಿ ಆಯಾಮಗಳಿಂದ ಮರುನಿರ್ವಚಿಸುವುದು ಪ್ರಸ್ತುತ ಅಧ್ಯಯನದ ಉದ್ದೇಶ. ಹಾಗೆಂದರೇನು ಎಂದು ಮಾರ್ಗದರ್ಶಕರು ಕೇಳಿಲ್ಲ. ನಾನೂ ಹೇಳಹೋಗಿಲ್ಲ.

ದ್ವಿರುಕ್ತಿಯಲ್ಲಿ ಐದು ಬಗೆ: ನಾಮಾಂತರಜನ್ಯ, ಲಿಪಿಜನ್ಯ, ಶೂನ್ಯಜನ್ಯ, ಏಕಕಾಲಜನ್ಯ, ಆಲಸ್ಯಜನ್ಯ. ಒಂದೊಂದಕ್ಕೂ ಸೂಕ್ಷ್ಮ, ಸ್ಥೂಲ ಎಂಬ ಉಪಭೇದಗಳುಂಟು.

2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಬದಲಾಯಿತಷ್ಟೆ. ಪಟ್ಟಿಗೆ ಹೊಸ ಹೆಸರು ಸೇರಿಸಲು ಹೇಳಿದವರು ಹಳೆಯದನ್ನು ತೆಗೆಯಲು ಹೇಳಲಿಲ್ಲ. ಹೀಗಾಗಿ ಬೆಳಗಾಂ ಕೆಳಗೆ ಬೆಳಗಾವಿ, ಗುಲ್ಬರ್ಗಾ ಒಂದು ಕಡೆ, ಕಲಬುರಗಿ ಇನ್ನೊಂದು ಕಡೆ ಸುಖವಾಗಿವೆ. ಇದು ನಾಮಾಂತರಜನ್ಯ. ಇದಕ್ಕೆ ಅಪವಾದವೂ ಇದೆ. ಬಿಜಾಪುರ ವಿಜಯಪುರವಾಯಿತು, ಸರಿ. ಆದರೆ ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿಂದಲೂ ಇನ್ನೊಂದು ವಿಜಯಪುರವಿದೆ. ಹೆಸರೊಂದೇ ಎಂದು ಯಾರಾದರೂ ಉತ್ಸಾಹದಿಂದ ಒಂದನ್ನು ಅಳಿಸಿದರೆ ಒಂದು ಊರೇ ಕಾಣೆ!

ಲಿಪಿಜನ್ಯವು ಇನ್ನೂ ಸೊಗಸು. ಕೊಪ್ಪ ಎಂಬಲ್ಲಿನ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವಕ್ಕೆ ಊತ್ವ ಸೇರಿಸಿ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ ಕೊಪ್ಪ, ಯಂತ್ರಕ್ಕೆ ಎರಡು. ಸೇವ್ ಮಾಡುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದುಕೊಂಡರೆ ರಗಳೆ ಮುಗಿಯುತ್ತದೆ. ತಂದುಕೊಳ್ಳುವುದಿಲ್ಲ.

ಶೂನ್ಯಜನ್ಯಕ್ಕೆ ಹಾಸ್ಟೆಲ್ ಕೊಠಡಿ ಉತ್ತಮ ನಿದರ್ಶನ. ಒಂದೇ ಕೊಠಡಿ ಇಬ್ಬರಿಗೆ ಹೋಗದಂತೆ, ಈಗಾಗಲೇ ಕೊಟ್ಟ ಕೊಠಡಿಗಳನ್ನು ಬಿಟ್ಟು ಉಳಿದದ್ದನ್ನಷ್ಟೇ ತೋರಿಸಬೇಕು. ಅದಕ್ಕೆ ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ‘ನಾಟ್ ಇನ್’ ಎಂದು ಬರೆಯುತ್ತಾರೆ. ಕೊಟ್ಟವುಗಳ ಪಟ್ಟಿಯಲ್ಲಿ ಒಂದೇ ಒಂದು ನಲ್, ಅಂದರೆ ಖಾಲಿ ಖಾನೆ, ಇದ್ದರೆ ಡ್ರಾಪ್‌ಡೌನ್ ಪೂರ್ತಿ ಬರಿದು. ಜೈನರ ಸ್ಯಾದ್ವಾದಕ್ಕೆ ಏಳು ಭಂಗಗಳು. ಎಸ್‌ಕ್ಯೂಎಲ್‌ಗೆ ಮೂರೇ: ಹೌದು, ಅಲ್ಲ, ಗೊತ್ತಿಲ್ಲ. ಖಾಲಿಯೊಂದಿಗೆ ಹೋಲಿಸಿದ ಕೊಠಡಿಗೆಲ್ಲ ‘ಗೊತ್ತಿಲ್ಲ’ ಅಂಟಿಕೊಳ್ಳುತ್ತದೆ, ಗೊತ್ತಿಲ್ಲದ್ದನ್ನು ಅದು ತೋರಿಸುವುದಿಲ್ಲ. ‘ನಾಟ್ ಎಕ್ಸಿಸ್ಟ್ಸ್’ ಎಂದು ಬರೆದಿದ್ದರೆ ಹುಡುಗರು ಟ್ರಂಕು ಹಿಡಿದು ಜಗಲಿಯಲ್ಲಿ ಕೂರಬೇಕಾಗಿರಲಿಲ್ಲ.

ಎರಡು ಕೌಂಟರಿನಲ್ಲಿ ಇಬ್ಬರು ಒಂದೇ ಕೊಠಡಿ ಖಾಲಿ ಎಂದು ಕಂಡು ಒಟ್ಟಿಗೆ ಸೇವ್ ಒತ್ತುವುದು ಏಕಕಾಲಜನ್ಯ. ಪಟ್ಟಿಯನ್ನು ಎಷ್ಟೇ ಸೋಸಿದರೂ ಇದು ತಪ್ಪುವುದಿಲ್ಲ. ಟೇಬಲ್ಲಿಗೇ ಯೂನಿಕ್ ಇಂಡೆಕ್ಸ್, ಅಂದರೆ ಒಂದೇ ನಮೂದು ಎರಡನೆಯ ಸಲ ಸೇರದಂತೆ ತಡೆ, ಬೇಕು. ಐದನೆಯ ಬಗೆಯನ್ನು ಕೈಬಿಟ್ಟಿದ್ದೇನೆ. ಉಪಭೇದಗಳನ್ನೂ.

ಯಾಕೆಂದರೆ ಅವಕ್ಕಿಂತ ದೊಡ್ಡ ರಗಳೆ ಬೇರೆಯಿದೆ: ಆ ಯೂನಿಕ್ ಅನ್ನು ಯಾವುದರ ಮೇಲೆ ಹಾಕಬೇಕು ಎಂಬುದನ್ನು ಯಾರೂ ಕೂತು ಯೋಚಿಸಿಲ್ಲ. ಪಿಂಚಣಿ ಅರ್ಜಿಗೆ ಹೆಸರು, ಗಂಡನ ಹೆಸರು, ಊರು, ಈ ಮೂರರ ಮೇಲೆ ಹಾಕಿಬಿಟ್ಟಿದ್ದಾರೆ. ಲಕ್ಷ್ಮಮ್ಮ ಕೋಂ ನಂಜಪ್ಪ. ಹಳೇ ಮೈಸೂರಿನ ಯಾವ ಊರಿನಲ್ಲಿ ಇಂಥವರು ಒಬ್ಬರೇ ಇದ್ದಾರೆ ಸ್ವಾಮಿ?

“ನಿಮ್ಮ ಅರ್ಜಿ ಆಗಲೇ ಇದೆ ಅಜ್ಜಿ, ಸಿಸ್ಟಮ್ ತಗೊಳ್ತಿಲ್ಲ.”

“ಅದು ಮೇಲಿನ ಬೀದಿ ಲಕ್ಷ್ಮಮ್ಮಂದು ಕಣಪ್ಪಾ. ನಾನು ಕೆಳಗಿನ ಬೀದಿಯೋಳು.”

ಬೀದಿಗೆ ಡ್ರಾಪ್‌ಡೌನ್ ಇಲ್ಲ. ಬೆಳಗಾವಿ ಎರಡು ಸಲ ಇರಬಹುದು, ಕೊಪ್ಪ ಎರಡು ಸಲ ಇರಬಹುದು, ಲಕ್ಷ್ಮಮ್ಮ ಇರುವಂತಿಲ್ಲ. ಮುಂದೆ ನಿಂತು ಉಸಿರಾಡುತ್ತಿರುವ ಹೆಂಗಸನ್ನು ನಕಲು ಎನ್ನಲು ಯಾವ ನಾಚಿಕೆಯೂ ಇಲ್ಲ ಈ ಪರದೆಗೆ. ಮೊದಲೆರಡು ಸಲ ಆಕೆ ದಿನ ದಂಡ ಮಾಡಿಕೊಂಡು ವಾಪಸು ಹೋದಳು.

ಮೂರನೆಯ ಸಲ ಡೇಟಾ ಎಂಟ್ರಿ ಹುಡುಗನಿಗೇ ಕನಿಕರ ಹುಟ್ಟಿತು. ಹೆಸರಿನ ಕೊನೆಗೆ ಒಂದು ಚುಕ್ಕಿ ಇಟ್ಟ: ‘ಲಕ್ಷ್ಮಮ್ಮ.’ ಸಿಸ್ಟಮ್ ತಕ್ಷಣ ತಗೊಂಡಿತು. ಚುಕ್ಕಿಯ ಲಕ್ಷ್ಮಮ್ಮ ಅದಕ್ಕೆ ಬೇರೆಯೇ ವ್ಯಕ್ತಿ. ಪಿಂಚಣಿ ಮಂಜೂರೂ ಆಯಿತು. ದುಡ್ಡು ಮಾತ್ರ ಬಂದಿಲ್ಲ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಚುಕ್ಕಿಯಿಲ್ಲ, ಹೆಸರು ತಾಳೆಯಾಗುತ್ತಿಲ್ಲವಂತೆ. ತಿದ್ದುಪಡಿಗೆ ಬೇರೆ ಅರ್ಜಿಯಿದೆ, ಅದರಲ್ಲಿ ಕಾರಣಕ್ಕೊಂದು ಡ್ರಾಪ್‌ಡೌನ್. ಮದುವೆ, ವಿಚ್ಛೇದನ, ಮತಾಂತರ ಎಲ್ಲ ಇವೆ. ಚುಕ್ಕಿ ಇಲ್ಲ.