ಭೀಮನ ಪಥ್ಯ

ನಾಯಿ ಸಾಕುವುದು ಯಾರಿಗಾದರೂ ಬರುತ್ತದೆ; ನಾಯಿಗೆ ಪಥ್ಯ ಮಾಡಿಸುವುದು ಸಂಸ್ಕಾರವಂತರಿಗೆ ಮಾತ್ರ ಒಲಿಯುವ ವಿದ್ಯೆ. ಈ ವಿಷಯದಲ್ಲಿ ನಮ್ಮ ಮನೆ ಇಡೀ ಬೆಂಗಳೂರಿಗೇ ಮಾದರಿ ಎಂದರೆ ಅದು ಜಂಬವಲ್ಲ, ಬರೀ ವರದಿ.

ನಮ್ಮ ಭೀಮ ಪಗ್ ಜಾತಿಯವನು. 2003ರಲ್ಲಿ ಹಚ್ ಮೊಬೈಲಿನ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಬೆನ್ನು ಬಿಡದೆ ಹೋಗುತ್ತಿತ್ತಲ್ಲ, ಅದೇ ಜಾತಿ. ಆ ನಾಯಿ ಜಾಹೀರಾತಿನುದ್ದಕ್ಕೂ ನಡೆಯುತ್ತಲೇ ಇತ್ತು. ಅದನ್ನು ನೋಡಿ ನಾಯಿಯನ್ನು ಮನೆಗೆ ತಂದವರು ಎಷ್ಟೋ ಮಂದಿ. ಆ ನಡಿಗೆಯನ್ನು ಮಾತ್ರ ಯಾರೂ ತಂದಂತೆ ಕಾಣಲಿಲ್ಲ. ನಾವೂ ತರಲಿಲ್ಲ.

ಮೂಗಿನ ವಿಷಯದಲ್ಲಿ ಮನುಷ್ಯ ಈ ಜಾತಿಗೆ ಮಾಡಿರುವ ಉಪಕಾರ ಸಾಮಾನ್ಯದ್ದಲ್ಲ. ಕಣ್ಣಿಗೆ ಮುದ್ದಾಗಿ ಕಾಣಲಿ ಎಂದು ತಲೆಮಾರುಗಟ್ಟಲೆ ಚಪ್ಪಟೆ ಮುಖದವನ್ನೇ ಆರಿಸಿ ಮರಿ ಮಾಡಿಸಿ ಮೂತಿಯನ್ನು ಒಳಕ್ಕೆ ತಳ್ಳಿದೆವು. ಮೂಳೆ ಗಿಡ್ಡವಾಯಿತು, ಒಳಗಿನ ಮಾಂಸ ಅದಕ್ಕೆ ತಕ್ಕಂತೆ ಕುಗ್ಗಲಿಲ್ಲ. ಹೊಳ್ಳೆ ಕಿರಿದು, ಅಂಗುಳಿನ ಹಿಂಭಾಗ ಗಂಟಲಿಗೆ ಜೋತುಬೀಳುವಷ್ಟು ಉದ್ದ. ನಾಯಿಗಳು ಮೈ ತಂಪು ಮಾಡಿಕೊಳ್ಳುವುದೇ ಏದುಸಿರು ಬಿಟ್ಟು. ಇವನಿಗೆ ಆ ದಾರಿಯೂ ಇಕ್ಕಟ್ಟು. ಇದರ ಮೇಲೆ ಬೊಜ್ಜು ಸೇರಿದರೆ ಉಸಿರಾಡುವುದೇ ಒಂದು ದುಡಿಮೆ. ನಮ್ಮ ಮನೆಯಲ್ಲಿ ಇದಕ್ಕೆ ‘ಎಷ್ಟು ಮುದ್ದಾಗಿ ಗೊರಕೆ ಹೊಡೀತಾನೆ ನೋಡಿ’ ಎನ್ನುತ್ತೇವೆ.

ಇಂಥವನಿಗೆ ಆಹಾರ ಆರಿಸುವುದು ವರ ನೋಡುವುದಕ್ಕಿಂತ ಸೂಕ್ಷ್ಮದ ಕೆಲಸ. ನನ್ನ ಹೆಂಡತಿ ಚೀಲ ತಿರುಗಿಸಿ ಹಿಂದಿನ ಸಣ್ಣ ಅಕ್ಷರಗಳನ್ನು ಓದುವಷ್ಟು ಶ್ರದ್ಧೆಯಿಂದ ಅವಳ ಮನೆಯವರು ನನ್ನ ಜಾತಕವನ್ನೂ ಓದಿರಲಿಲ್ಲ. ಪಗ್‌ಗಳಿಗೆಂದೇ ಬೇರೆ ಕಾಳು ಸಿಗುತ್ತದೆ. ಚಪ್ಪಟೆ ಬಾಯಿಗೆ ಎತ್ತಿಕೊಳ್ಳಲು ಸುಲಭವಾಗಲಿ ಎಂದು ಅದಕ್ಕೆ ಎಸಳೆಸಳಾದ ಆಕಾರ. ಮೊದಲು ಮೂತಿಯನ್ನು ಅಳಿಸಿ, ಆಮೇಲೆ ಮೂತಿಯಿಲ್ಲದವನ ಅನುಕೂಲಕ್ಕೆ ಕಾಳನ್ನು ತಿದ್ದುವ ಈ ದಯೆಗೆ ಕೈಮುಗಿಯದೆ ಇರಲಾದೀತೆ?

ನಡುವೆ ಕೆಲವು ತಿಂಗಳು ಅಕ್ಕಿ ಗೋಧಿ ಸೋಕದ, ಬಟಾಣಿ-ಬೇಳೆಯ ದುಬಾರಿ ಚೀಲವೂ ಬಂದಿತ್ತು. ಇಂಥ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ನಂಟಿದೆಯೇ ಎಂದು ಅಮೆರಿಕದ ಎಫ್‌ಡಿಎ 2018ರಲ್ಲೇ ತನಿಖೆಗೆ ಇಳಿದಿತ್ತೆಂದು ಮಗಳು ಎಲ್ಲೋ ಓದಿ ಹೇಳಿದಳು. ಚೀಲ ಅಟ್ಟ ಸೇರಿತು. “ಅನ್ನ ತಿಂದು ಕೆಟ್ಟ ನಾಯಿನ ನಾನಂತೂ ಕಂಡಿಲ್ಲಪ್ಪ,” ಎಂದು ಅಮ್ಮ ಅಂದೇ ಮೊಸರನ್ನ ಕಲಸಿದಳು. ಒಗ್ಗರಣೆ ಹಾಕಲಿಲ್ಲ. ಪಥ್ಯ ಎಂದರೆ ಪಥ್ಯ.

ನಿಷೇಧದ ವಿಷಯದಲ್ಲಂತೂ ನಾವು ಬಹಳ ಕಟ್ಟುನಿಟ್ಟು. ಫ್ರಿಜ್ಜಿನ ಬಾಗಿಲ ಮೇಲೆ ಮಗಳು ಪಟ್ಟಿ ಅಂಟಿಸಿದ್ದಾಳೆ. ಚಾಕೊಲೇಟ್ ಕೂಡದು. ದ್ರಾಕ್ಷಿ, ಒಣದ್ರಾಕ್ಷಿ ಕೂಡದು, ಮೂತ್ರಪಿಂಡ ಕೆಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಕೂಡದು. ಕೆಂಪು ರಕ್ತಕಣ ಒಡೆಯುತ್ತದೆ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನಲ್ಲಿರುವ ಕ್ಸೈಲಿಟಾಲ್ ಅಂತೂ ವಿಷವೇ. ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, “ಚಪಾತಿ ಬರೆದಿಲ್ಲ,” ಎಂದಳು. ಅಂದಿನಿಂದ ಪಟ್ಟಿಯಲ್ಲಿಲ್ಲದ್ದೆಲ್ಲ ಪಥ್ಯ. ಪಾಯಸ ಮಾಡಿದ ದಿನ ಭೀಮನ ಪಾಲಿನಿಂದ ದ್ರಾಕ್ಷಿಯನ್ನು ಒಂದೊಂದಾಗಿ ಆರಿಸಿ ತೆಗೆಯುವ ಅವಳ ತಾಳ್ಮೆ ನೋಡಬೇಕು!

ಈ ಎಲ್ಲ ಆರೈಕೆಯ ಫಲವಾಗಿ ಭೀಮ 12 ಕೆ.ಜಿ. ತೂಗಿದ. ಈ ಜಾತಿಗೆ 6ರಿಂದ 8 ಕೆ.ಜಿ. ಲಕ್ಷಣವಂತೆ. ಡಾಕ್ಟರು ಅವನ ಪಕ್ಕೆ ಒತ್ತಿ, ಇನ್ನೊಮ್ಮೆ ಒತ್ತಿ, ಕಳೆದುಹೋದ ಬೀಗದಕೈ ಹುಡುಕುವವರಂತೆ ತಡಕಿದರು. “ಪಕ್ಕೆಲುಬು ಕೈಗೆ ಸಿಗ್ಬೇಕು. ಮೇಲಿಂದ ನೋಡಿದ್ರೆ ಸೊಂಟ ಕಾಣ್ಬೇಕು,” ಎಂದರು. ಮೇಲಿನಿಂದ ನಾಲ್ವರೂ ನೋಡಿದೆವು. ತಿರುವಿ ಹಾಕಿದ ರುಬ್ಬುಗುಂಡಿನ ಹಾಗಿದ್ದ. “ಹೆಸರಿಗೆ ತಕ್ಕ ಹಾಗಿದಾನೆ,” ಎಂದಳು ಅಮ್ಮ.

ಡಾಕ್ಟರು ಚೀಟಿಯ ಮೇಲೆ ಲೆಕ್ಕ ಹಾಕಿದರು. 8 ಕೆ.ಜಿ.ಗೆ ಇಳಿಯಬೇಕಾದರೆ ದಿನಕ್ಕೆ ಸುಮಾರು 330 ಕ್ಯಾಲೊರಿ. ಕಾಳನ್ನು ಕಣ್ಣಳತೆಯಲ್ಲಿ ಸುರಿಯದೆ ತೂಗಿ ಕೊಡಬೇಕು. ಬಾಯಾಡಲು ಕೊಡುವುದೆಲ್ಲ ಸೇರಿ ಹತ್ತರಲ್ಲೊಂದು ಪಾಲು ಮೀರಬಾರದು.

“ಅಂದ್ರೆ ಎಷ್ಟು?” ಎಂದಳು ಹೆಂಡತಿ.

“ಒಂದೂವರೆ ಮಾರಿ ಬಿಸ್ಕತ್ತು ಅನ್ಕೊಳ್ಳಿ. ಅದೂ ಹೆಚ್ಚೇ.”

ಅಮ್ಮನ ಮುಖ ಬಾಡಿತು. “ಮಿಕ್ಕ ಅರ್ಧ ಏನ್ ಮಾಡೋದು ಡಾಕ್ಟ್ರೇ?”

ಅವರು ಇನ್ನೊಂದು ಮಾತೂ ಹೇಳಿದರು. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಜೋಡಿಯಲ್ಲೊಂದಕ್ಕೆ ಜೀವಮಾನವಿಡೀ ಕಾಲು ಭಾಗ ಕಡಿಮೆ ಊಟ ಕೊಟ್ಟು ನೋಡಿದರಂತೆ. 2002ರಲ್ಲಿ ಪ್ರಕಟವಾದ ಅಧ್ಯಯನ. ಕಡಿಮೆ ಉಂಡವು ಹೆಚ್ಚುಕಮ್ಮಿ ಎರಡು ವರ್ಷ ಜಾಸ್ತಿ ಬದುಕಿದವು. ಆಹಾರದ ಚೀಲವೇನೂ ಬೇರೆಯಲ್ಲ, ಎರಡಕ್ಕೂ ಒಂದೇ. ನಾವು ಗಂಭೀರವಾಗಿ ತಲೆದೂಗಿದೆವು. ದಾರಿಯುದ್ದಕ್ಕೂ ‘ಆ ಚೀಲ ಯಾವ ಕಂಪನಿಯದಿರಬಹುದು’ ಎಂದು ಚರ್ಚೆ ನಡೆಯಿತು.

ಅಂದಿನಿಂದ ನಮ್ಮ ಮನೆಯ ಶಿಸ್ತು ಹೇಳತೀರದು. ಕಾಳು ತೂಗಲು ಹೆಂಡತಿ ಚಿನ್ನದಂಗಡಿಯಲ್ಲಿರುವಂಥ ತಕ್ಕಡಿ ತರಿಸಿದ್ದಾಳೆ. ಎರಡು ಕಾಳು ಹೆಚ್ಚಾದರೂ ಚೀಲಕ್ಕೆ ವಾಪಸ್. ಬಿಸ್ಕತ್ತೂ ಅಷ್ಟೆ, ಒಂದೂವರೆಯ ಮೇಲೆ ಒಂದು ಚೂರಿಲ್ಲ. ಬೆಳಿಗ್ಗೆ ಕಾಫಿ ಹೊತ್ತಿಗೆ ಅಮ್ಮ ಒಂದೂವರೆ ಕೊಡುತ್ತಾಳೆ. ಆಫೀಸಿಗೆ ಹೊರಡುವ ಮುನ್ನ ಹೆಂಡತಿ ಒಂದೂವರೆ. ಕಾಲೇಜಿನಿಂದ ಬಂದು ಮಗಳು ಒಂದೂವರೆ. ಡಾಕ್ಟರ ಮಾತು ಮೀರಿದವರು ನಮ್ಮಲ್ಲಿ ಒಬ್ಬರೂ ಇಲ್ಲ. ಈ ತಿಂಗಳು ಭೀಮ 12 ಕೆ.ಜಿ. 400 ಗ್ರಾಂ ಬಂದದ್ದು ಕ್ಲಿನಿಕ್ಕಿನ ತಕ್ಕಡಿಯ ದೋಷ ಎಂಬುದರಲ್ಲಿ ಮನೆಯವರಿಗೆಲ್ಲ ಒಮ್ಮತವಿದೆ.

ನಿನ್ನೆ ರಾತ್ರಿ ಎಚ್ಚರವಾಯಿತು. ಏಕೆಂದು ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು, ಗೊರಕೆ ನಿಂತಿತ್ತು. ಕತ್ತಲಲ್ಲಿ ಹಾಸಿಗೆಯ ಮೇಲೆ ಕೂತು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ಕೊಕ್ಕರಿಸಿದಂತೆ ಸದ್ದು ಮಾಡಿ ಉಸಿರೆಳೆದುಕೊಂಡ. ಎದ್ದು ಹೋಗಿ ಪಕ್ಕದಲ್ಲಿ ಕೂತೆ. ಕಣ್ಣು ಬಿಟ್ಟು ನನ್ನನ್ನು ನೋಡಿದ. ಬಾಲ ಎರಡು ಸಲ ನೆಲಕ್ಕೆ ಬಡಿದ. ಅವನ ಪಕ್ಕೆಯ ಮೇಲೆ ಕೈಯಿಟ್ಟು ಎಷ್ಟು ಹೊತ್ತು ಹುಡುಕಿದರೂ ಎಲುಬು ಸಿಗಲಿಲ್ಲ. ಕರುಳು ಚುರ್ರೆಂದಿತು. ಪಾಪದ ಪ್ರಾಣಿಗೆ ಏನಾದರೂ ಮಾಡಲೇಬೇಕೆನಿಸಿ ಅಡುಗೆಮನೆಗೆ ಹೋಗಿ ಡಬ್ಬದ ಮುಚ್ಚಳ ತೆಗೆದೆ.

ಒಂದೂವರೆ ಮಾತ್ರ ಕೊಟ್ಟೆ.